ಸಾಹೇಬರ ಕಾರಿಗೆ ಕಾವಲು

ಗೋಕರ್ಣದ ಕಡಲ ದಾರಿಯಲ್ಲಿ ಮಾದೇವಿ ಸ್ಕೂಟರ್ ಬಾಡಿಗೆಗೆ ಕೊಡುತ್ತಿದ್ದಳು. ಒಂದು ದಿನ ಕೋಟು ತೊಟ್ಟ ಸಾಹೇಬರೊಬ್ಬರು ಆ ಸ್ಕೂಟರುಗಳಿಗೆ ಅಡ್ಡವಾಗಿಯೇ ಕಾರು ನಿಲ್ಲಿಸಿದರು.

“ಪಕ್ಕದ ಬಯಲಲ್ಲಿ ನಿಲ್ಲಿಸಿ ಸಾಹೇಬ್ರೇ, ನನ್ನ ಗಾಡಿ ಹೊರಗೆ ಬರೂದಿಲ್ಲ” ಎಂದಳು ಮಾದೇವಿ.

“ಸುಮ್ಮನೆ ಕಾರು ಕಾಯಿ! ಯಾರಿಗೂ ಮುಟ್ಟಲು ಬಿಡಬೇಡ. ನನ್ನ ಹೆಸರು ಹೇಳಿಕೊಂಡು ಬಂದರೂ ಬಿಡಬೇಡ!”

ಬಟ್ಟೆಯನ್ನೆಲ್ಲ ಕಾರಿನಲ್ಲೇ ಬಿಟ್ಟು ಸಮುದ್ರಸ್ನಾನಕ್ಕೆ ಹೋದ ಸಾಹೇಬರು ಒದ್ದೆ ಟವೆಲಿನಲ್ಲಿ ಮರಳಿದರು. ಮಾದೇವಿ ಕಾರಿನ ಬಾಗಿಲಿಗೆ ಅಡ್ಡ ನಿಂತಳು.

“ಮುಟ್ಟಬೇಡಿ. ಇದು ದೊಡ್ಡ ಸಾಹೇಬರ ಕಾರು.”

“ನಾನೇ ಆ ಸಾಹೇಬ!”

“ಹೀಗೆ ಹೇಳಿಕೊಂಡು ಬರುವವರಿದ್ದಾರೆ ಅಂತ ಅವರೇ ಹೇಳಿ ಹೋಗಿದ್ದಾರೆ.”

“ಕೀಲಿ ನೋಡು!”

“ಅಯ್ಯೋ, ಕೀಲಿಯನ್ನೂ ಕದ್ದಿರಾ?”

ಜನ ಸೇರಿದರು. ಟವೆಲ್ ಬಿಗಿಹಿಡಿದು ಕೂಗಾಡಿದ ಸಾಹೇಬರು ಕೊನೆಗೆ ತಮ್ಮ ಅವಸ್ಥೆಗೆ ತಾವೇ ನಕ್ಕುಬಿಟ್ಟರು. “ತಪ್ಪಾಯ್ತು ತಾಯಿ, ಕಾರು ಬಯಲಿಗೆ ಒಯ್ಯುತ್ತೇನೆ.”

ಮಾದೇವಿ ಪಕ್ಕಕ್ಕೆ ಸರಿದಳು. “ನಗುವವರಾದರೆ ಅಡ್ಡಿಲ್ಲ, ಒಯ್ಯಿರಿ. ಆದರೆ ಮೊದಲು ಪ್ಯಾಂಟು ಹಾಕ್ಕೊಳ್ಳಿ!”