ಎಬ್ಬಿಸದಮ್ಮನ ಗುಡ್ಡ

ಕೊರಟಿಹಳ್ಳಿಯಿಂದ ಮೂಡಲಿಗೆ ಹೋಗುವ ಬಂಡಿದಾರಿ ಮುಗಿಯುವಲ್ಲಿ ಒಂದು ಬೋಳುಗುಡ್ಡವಿದೆ. ಅದರ ಬುಡದಲ್ಲಿ, ಹುಣಸೆಮರದ ನೆರಳು ಬೀಳುವ ಬಂಡೆಯ ಮೇಲೆ, ದೇವಿಯೊಬ್ಬಳು ಮಲಗಿದ್ದಾಳೆ. ಎಡತೋಳೇ ಅವಳಿಗೆ ದಿಂಬು. ಬಾಯಿ ತುಸು ತೆರೆದಿದೆ, ಸೆರಗು ನೆಟ್ಟಗಿಲ್ಲ. ಗುಡಿಸಿ ಮುಗಿಸಿದ ಪೊರಕೆಯಂತೆ ತ್ರಿಶೂಲವನ್ನು ಪಕ್ಕಕ್ಕೆ ಹಾಕಿದ್ದಾಳೆ. ಎಲ್ಲವೂ ಉಳಿಯಿಂದ ಕುಟ್ಟಿದ ಗೆರೆಗಳು. ಒಂದನ್ನೂ ತಿದ್ದಿದ ಗುರುತಿಲ್ಲ. ನೋಡಬಂದವರು ಇದನ್ನು ಕಡೆಯಲು ಎಷ್ಟು ತಿಂಗಳು ಹಿಡಿಯಿತೋ ಎಂದು ಬೆರಗಾಗುತ್ತಾರೆ. ಒಂದು ಮಧ್ಯಾಹ್ನ ಎಂದರೆ ಗಂಡಸರು ನಗುತ್ತಾರೆ. ಕಂಕುಳಲ್ಲಿ ಮಗುವಿರುವ ಹೆಂಗಸರು ನಗುವುದಿಲ್ಲ. ಇಲ್ಲಿ ಗಂಟೆ ಬಾರಿಸುವಂತಿಲ್ಲ, ತಮಟೆ ಬಡಿಯುವಂತಿಲ್ಲ. ಯಾರೂ ಎಬ್ಬಿಸದ ಅಮ್ಮನಾದ್ದರಿಂದ ಅವಳು ಎಬ್ಬಿಸದಮ್ಮ, ಅವಳ ಗುಡ್ಡ ಎಬ್ಬಿಸದಮ್ಮನ ಗುಡ್ಡ.

ಹಿಂದೆ, ಪಾಳೆಯಗಾರರ ಕಾಲದಲ್ಲಿ, ಈ ಊರಿನಲ್ಲಿ ಮೌನಾಚಾರಿ ಎಂಬ ಕಲ್ಲುಕುಟಿಗನಿದ್ದನಂತೆ. ಒರಳು, ಬೀಸುವ ಕಲ್ಲು ಕಡೆಯಲು ಕೂತರೆ ಅವನ ಕೈ ನಿಲ್ಲುತ್ತಿರಲಿಲ್ಲ. ಸವೆದ ಒರಳುಗಳನ್ನು ಕುಟ್ಟಿ ಮತ್ತೆ ತರಿತರಿಯಾಗಿಸುವ ಕೆಲಸ ಹೆಂಡತಿ ಪುಟ್ಟೀರಮ್ಮನದು. ಪಾಳೆಯಗಾರನು ಗುಡ್ಡದ ಬಂಡೆಯ ಮೇಲೆ ಎಂಟು ಕೈಗಳ ಉಗ್ರದೇವಿ ಬೇಕೆಂದು ಹೇಳಿ ಮೌನಾಚಾರಿಗೆ ಒಂದು ಹೊಲ ಉಂಬಳಿ ಬಿಟ್ಟ. ಅಲ್ಲಿಗೆ ಅವನ ಕೈ ನಿಂತಿತು. ದೊಡ್ಡ ಕೆಲಸ, ಅವಸರ ಸಲ್ಲದು. ದಿನಾ ಬಂಡೆಯ ಮುಂದೆ ಕೂತು ಬರುತ್ತಿದ್ದ. ಕೇಳಿದರೆ, "ಕಲ್ಲು ಇನ್ನೂ ಮಾತಾಡಿಲ್ಲ ಕಣೇ" ಎನ್ನುತ್ತಿದ್ದ. "ಅದು ಮಾತಾಡೋ ಹೊತ್ತಿಗೆ ನಾವು ಉಸಿರಾಡೋದು ನಿಲ್ಲಿಸಿರ್ತೀವಿ" ಎನ್ನುತ್ತಿದ್ದಳು ಪುಟ್ಟೀರಮ್ಮ. ಆ ಹೊಲದ ರಾಗಿಯೇ ಮನೆಯವರ ಹಿಟ್ಟು. ಹೀಗೆ ಎರಡು ಸುಗ್ಗಿ ಕಳೆದ ಮೇಲೆ ಒಂದು ಬೆಳಗ್ಗೆ ಓಲೆಕಾರ ಬಂದು, ಪ್ರಭುಗಳು ಇಂದು ಸಂಜೆ ದೇವಿಯನ್ನು ನೋಡಲು ಬರುತ್ತಾರೆ, ದೇವಿ ಇಲ್ಲದಿದ್ದರೆ ಹೊಲವೂ ಇಲ್ಲ ಎಂದು ಹೇಳಿ ಹೋದ. ಮೌನಾಚಾರಿ ಉತ್ತರೀಯ ಕೊಡವಿಕೊಂಡು ಎದ್ದ. "ಜೋಯಿಸರನ್ನ ಕರ್ಕೊಂಡು ಬರ್ತೀನಿ. ಮುಹೂರ್ತ ಸರಿಯಿಲ್ಲ ಅಂತ ಅವರ ಬಾಯಲ್ಲೇ ಹೇಳಿಸಿದರೆ ಆಯ್ತು" ಎಂದು ಪಕ್ಕದ ಊರಿಗೆ ಹೊರಟುಹೋದ.

ಪುಟ್ಟೀರಮ್ಮನ ಮಗುವಿಗೆ ಆಗ ಹಲ್ಲು ಬರುತ್ತಿತ್ತು. ಅದು ಮಲಗಿ ಎಷ್ಟೋ ದಿನವಾಗಿತ್ತು, ಅವಳಂತೂ ಮಲಗುವುದನ್ನೇ ಮರೆತಿದ್ದಳು. ಉಳಿ ಸುತ್ತಿಗೆಗಳನ್ನೂ ಮಗುವನ್ನೂ ಎತ್ತಿಕೊಂಡು ಗುಡ್ಡಕ್ಕೆ ಬಂದಳು. ಹುಣಸೆಕೊಂಬೆಗೆ ಸೀರೆಯ ಜೋಲಿ ಕಟ್ಟಿ ತೂಗಿದಳು. ಮಗು ಅತ್ತಿತು. ಹಾಡಿದಳು, ಇನ್ನೂ ಜೋರಾಗಿ ಅತ್ತಿತು. ಹೊಟ್ಟೆಯಲ್ಲಿದ್ದಾಗಿನಿಂದ ಕಲ್ಲು ಕುಟ್ಟುವ ಸದ್ದಿನಲ್ಲೇ ಬೆಳೆದ ಕೂಸದು; ಲೋಕದ ಮಕ್ಕಳೆಲ್ಲ ಸದ್ದಾದರೆ ಎದ್ದರೆ, ಅದು ಸದ್ದು ನಿಂತರೆ ಏಳುತ್ತಿತ್ತು. ಅವಳು ಬಂಡೆಯ ಮೇಲೆ ಉಳಿಯಿಟ್ಟು ಟಕಟಕ ಕುಟ್ಟಿದಳು. ಮಗು ಕಣ್ಣು ಮುಚ್ಚಿತು. ಕೈ ನಿಲ್ಲಿಸಿದಳು, ಕಿಟಾರನೆ ಚೀರಿತು. ಹೇಗೂ ಕುಟ್ಟಲೇಬೇಕು, ಕುಟ್ಟಿದ್ದು ದೇವಿಯಾದರೂ ಆಗಲಿ ಎಂದುಕೊಂಡಳಂತೆ. ಆಮೇಲೆ ಅವಳು ಕೈ ನಿಲ್ಲಿಸಲಿಲ್ಲ. ಹಿಂದೆ ಸರಿದು ನೋಡಲಿಲ್ಲ, ಅಳೆಯಲಿಲ್ಲ, ಯೋಚಿಸಲಿಲ್ಲ. ಎಂಟು ಕೈಗಳನ್ನು ನೆನೆಯುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಒಳಗೆ ಇದ್ದದ್ದು ಒಂದೇ ಆಸೆ. ಕೈಯಿಂದ ಬಂದದ್ದೂ ಅದೇ. ಜನ ಇದನ್ನು ದೇವಿಯ ಮಹಿಮೆ ಎನ್ನುತ್ತಾರೆ. ಇರಬಹುದು. ಆದರೆ ಆ ಮಹಿಮೆಯಲ್ಲಿ ರಟ್ಟೆ ಬಿದ್ದುಹೋದದ್ದು ಪುಟ್ಟೀರಮ್ಮನದು.

ಪಾದದ ಬೆರಳುಗಳಷ್ಟೇ ಉಳಿದಿದ್ದಾಗ ತಮಟೆಯ ಸದ್ದಿನೊಂದಿಗೆ ಪಾಳೆಯಗಾರನ ಪರಿವಾರ ಬಂತು. ಉಳಿ ನಿಂತಿತು, ಮಗು ಎದ್ದಿತು. ಪಾಳೆಯಗಾರ ಬಂಡೆಯನ್ನು ನೋಡಿ ಕೆಂಡವಾದ. "ಏನಮ್ಮಾ ಇದು? ನಾನು ಕೇಳಿದ್ದು ಊರು ಕಾಯೋ ದೇವಿ. ಇವಳು ಗೊರಕೆ ಹೊಡೀತಿದ್ದಾಳೆ!"

ಪುಟ್ಟೀರಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೇಳಿದಳಂತೆ: "ಊರು ಕಾಯೋಳೇ, ಬುದ್ಧಿ. ವರ್ಷವೆಲ್ಲಾ ಕಾದು ಈಗ ಒಂದು ಗಳಿಗೆ ಒರಗಿದ್ದಾಳೆ. ಒಪ್ಪಿಗೆ ಇಲ್ಲದಿದ್ದರೆ ನೀವೇ ಎಬ್ಬಿಸಿ."

ಪಾಳೆಯಗಾರ ಪೂಜಾರಿಯ ಮುಖ ನೋಡಿದ. ಪೂಜಾರಿ ತಮಟೆಯವರ ಮುಖ ನೋಡಿದ. ಉಗ್ರದೇವಿಯನ್ನು ನಡುನಿದ್ದೆಯಲ್ಲಿ ಎಬ್ಬಿಸುವ ಗಂಡು ಆ ಪರಿವಾರದಲ್ಲಿ ಒಬ್ಬನೂ ಇರಲಿಲ್ಲ. ಪೂಜಾರಿ ತಂದಿದ್ದ ಗಂಟೆಯ ನಾಲಗೆಯನ್ನು ಕೈಯಲ್ಲಿ ಬಿಗಿಹಿಡಿದ. ಬಂದವರೆಲ್ಲ ತುದಿಗಾಲಲ್ಲಿ ಹಿಂದಿರುಗಿದರು. ಹೊಲ ಉಳಿಯಿತು.

ಮುಹೂರ್ತ ಕೆಟ್ಟಿದೆಯೆಂದು ಹೇಳಲು ಒಪ್ಪಿಸಿದ ಜೋಯಿಸರೊಡನೆ ಮೌನಾಚಾರಿ ಆಮೇಲೆ ಬಂದ. ಬಹಳ ಹೊತ್ತು ನೋಡಿದ. "ಕಾಲಿಗೆ ಬೆರಳೇ ಇಲ್ಲವಲ್ಲೇ" ಎಂದ. ಪುಟ್ಟೀರಮ್ಮ ಮಗುವನ್ನು ಜೋಲಿಗೆ ಹಾಕಿ, ಉಳಿ ಸುತ್ತಿಗೆಯನ್ನು ಅವನ ಕೈಗಿಟ್ಟಳು. "ಅವಳನ್ನ ಮುಟ್ಟಬೇಡಿ. ಪಕ್ಕದಲ್ಲಿ ಎಲ್ಲಾದರೂ ಕುಟ್ತಾ ಇರಿ, ನಿಲ್ಲಿಸಬೇಡಿ" ಎಂದು ದೇವಿಯ ಪಕ್ಕದಲ್ಲೇ, ದೇವಿಯಂತೆಯೇ ತೋಳಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು.

ದೇವಿಯ ಪಾದಗಳಿಗೆ ಇಂದಿಗೂ ಬೆರಳಿಲ್ಲ. ಯಾರೋ ಹರಕೆಯೆಂದು ತಂದು ಕಟ್ಟಿದ ಗಂಟೆಯ ನಾಲಗೆಗೆ ಯಾವುದೋ ಮಗುವಿನ ಹಳೆಯ ಅಂಗಿಯನ್ನು ಸುತ್ತಿದ್ದಾರೆ. ನಿದ್ದೆಗೆಟ್ಟ ಬಾಣಂತಿಯರನ್ನು ಈಗಲೂ ಇಲ್ಲಿಗೆ ಕರೆತರುತ್ತಾರೆ. ಬಾಣಂತಿ ಮರದಡಿ ಮಲಗಬೇಕು, ಗಂಡ ಮಗುವನ್ನು ತೂಗುತ್ತ ಕಲ್ಲಿನಿಂದ ಬಂಡೆಯನ್ನು ಕುಟ್ಟುತ್ತಿರಬೇಕು. ಇದೇ ಇಲ್ಲಿನ ಸೇವೆ. ಹೀಗೆ ಕುಟ್ಟಿದ ಗುಳಿಗಳು ಬಂಡೆಯ ತುಂಬ ಇವೆ. ಹೆಚ್ಚಿನವು ಅಂಗೈಯಷ್ಟೂ ಆಳವಿಲ್ಲ. ಗಂಡಸರಿಗೆ ಬೇಗ ಕೈ ನೋಯುತ್ತದೆ. ದೇವಿಯ ತಲೆಯ ಹತ್ತಿರದ ಒಂದು ಗುಳಿ ಮಾತ್ರ ಮೊಣಕೈ ಮುಳುಗುವಷ್ಟಿದೆ. ಮಳೆ ಬಂದು ತಿಂಗಳಾದರೂ ಅದರಲ್ಲಿ ನೀರು ಆರುವುದಿಲ್ಲ. ಅದು ಮೌನಾಚಾರಿಯದು ಎನ್ನುತ್ತಾರೆ. ಹಾಗಾದರೆ ಪುಟ್ಟೀರಮ್ಮ ಅಂದು ಚೆನ್ನಾಗಿಯೇ ನಿದ್ದೆ ಮಾಡಿರಬೇಕು.