ಎರಡನೆಯ ಟರ್ಬೊ ಬಯಸಿದ ಎಂಜಿನ್

ಪುಟ್ಟ ರೇಸ್ ಕಾರೊಂದರಲ್ಲಿ ಮೂರು ಸಿಲಿಂಡರಿನ ಎಂಜಿನ್ ಒಂದೇ ಒಂದು ಟರ್ಬೊ ಜೊತೆ ಸುಖವಾಗಿ ಸಂಸಾರ ಮಾಡಿಕೊಂಡಿತ್ತು. ಎಂಜಿನ್ ಬಿಟ್ಟ ಹೊಗೆಯ ರಭಸಕ್ಕೆ ಟರ್ಬೊ ತಿರುಗುತ್ತಿತ್ತು, ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಊದುತ್ತಿತ್ತು. ಭಾನುವಾರದ ಘಟ್ಟದ ರೇಸು ಗೆದ್ದರೆ ಕಾರಿನಲ್ಲಿ ಎಂಜಿನ್ನಿನ ಜಾಗ ಗಟ್ಟಿ ಎಂದು ಮೆಕ್ಯಾನಿಕ್ ಗಿಲ್ಬರ್ಟ್ ಹೇಳಿದ್ದ. ಅಷ್ಟರಲ್ಲಿ ಗ್ಯಾರೇಜಿಗೆ ಬಂದ ದೊಡ್ಡ ಕಾರೊಂದರಲ್ಲಿ ಎರಡು ಟರ್ಬೊ ಕಂಡು ಎಂಜಿನ್ನಿಗೆ ತಲೆ ಕೆಟ್ಟಿತು.

“ನನಗೂ ಎರಡು ಬೇಕು,” ಎಂದಿತು.

“ಸ್ವಾಮಿ, ತಮ್ಮ ಹೊಗೆಯೇ ನನ್ನ ಅನ್ನ. ಅದು ಒಬ್ಬನ ಊಟಕ್ಕೆ ಸರಿಯಾಗಿದೆ,” ಎಂದಿತು ಟರ್ಬೊ.

“ನಿನಗೆ ಹೊಟ್ಟೆಕಿಚ್ಚು,” ಎಂದ ಎಂಜಿನ್ ಮೂರು ದಿನ ಸ್ಟಾರ್ಟ್ ಆಗಲಿಲ್ಲ. ಗಿಲ್ಬರ್ಟ್ ಮಣಿದು ಎರಡನೆಯದನ್ನೂ ಕೂರಿಸಿದ.

ಭಾನುವಾರ ಬಾವುಟ ಬೀಸುತ್ತಲೇ ಹೊಗೆ ಎರಡು ಪಾಲಾಯಿತು.

“ಅಣ್ಣ, ನೀವು ಮೊದಲು ತಿರುಗಿ,” ಎಂದಿತು ಹೊಸ ಟರ್ಬೊ.

“ಛೆ, ಹೊಸದಾಗಿ ಬಂದವರು, ನೀವೇ ಮೊದಲು,” ಎಂದಿತು ಹಳೆಯದು.

ಅರೆಹೊಟ್ಟೆಯ ಇಬ್ಬರೂ ಹೀಗೆ ಉಪಚಾರ ಮಾಡಿಕೊಳ್ಳುತ್ತಿರಲು, ರೇಸಿನವರಿಗೆ ಊಟ ತರುತ್ತಿದ್ದ ಟೆಂಪೊ, ಸಾರು ತುಳುಕದಂತೆ ನಿಧಾನವಾಗಿ, ಅವರನ್ನು ಹಿಂದೆ ಹಾಕಿತು.

“ನನ್ನದೇ ತಪ್ಪು. ಒಂದು ಟರ್ಬೊ ತೆಗೆಸುತ್ತೇನೆ,” ಎಂದು ಎಂಜಿನ್ ಮರಳುವ ದಾರಿಯುದ್ದಕ್ಕೂ ಗೊಣಗಿತು.

ಗ್ಯಾರೇಜಿನಲ್ಲಿ ಗಿಲ್ಬರ್ಟ್ ಬಾನೆಟ್ ಎತ್ತಿ ನೋಡಿದ. “ಎರಡೂ ಟರ್ಬೊ ಚೆನ್ನಾಗಿವೆ ಮಾರಾಯ. ಎಂಜಿನ್ನೇ ಸಾಲದು,” ಎಂದ.

ಮರುದಿನ ಪುಟ್ಟ ಎಂಜಿನ್ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡಿತು: ಕಾರಿಗೆ ಬಂದ ದೊಡ್ಡ ಎಂಜಿನ್ನನ್ನು ಹಳೆಯ ಟರ್ಬೊ ಆಗಲೇ “ಸ್ವಾಮಿ” ಎನ್ನುತ್ತಿತ್ತು.