ಬಿಸಿಲು ತೋರಿಸಿದ ಗೀರು

ಹೊಳಪು ಕೊಡುವ ಬಫಿಂಗ್ ಯಂತ್ರ ಉಣ್ಣೆಯ ಪ್ಯಾಡ್ ತೊಟ್ಟು ಕರಿ ಕಾರನ್ನು ಭರದಿಂದ ಉಜ್ಜಿತು. "ಕನ್ನಡಿಯಂತೆ ಹೊಳೆಯುತ್ತಿದ್ದೀಯೆ" ಎಂದಿತು ಶೆಡ್ಡಿನ ಟ್ಯೂಬ್‌ಲೈಟ್. ಕಾರು ಅಂಗಳಕ್ಕೆ ಬಂದದ್ದೇ ತಡ, ಬಾನೆಟ್ ತುಂಬ ಜೇಡರ ಬಲೆಯಂಥ ಸುತ್ತು ಗೀರುಗಳು ಕಂಡವು.

"ಬಿಸಿಲೇ, ನನ್ನ ಮೈಯೆಲ್ಲ ಗೀರಿಬಿಟ್ಟೆಯಲ್ಲ" ಎಂದು ಕಾರು ಸಿಡುಕಿತು.

"ಗೀರಿದ್ದು ಉಣ್ಣೆ. ನಾನು ತೋರಿಸಿದೆ, ಅಷ್ಟೇ" ಎಂದಿತು ಬಿಸಿಲು.

"ಒಳಗೆ ಬಾ, ನನ್ನ ಬೆಳಕಿನಲ್ಲಿ ಒಂದೂ ಕಾಣುವುದಿಲ್ಲ" ಎಂದು ಟ್ಯೂಬ್‌ಲೈಟ್ ಕರೆಯಿತು.

"ನಾನು ಓಡಾಡಬೇಕಾದದ್ದು ಬೀದಿಯಲ್ಲಿ" ಎಂದ ಕಾರು ಯಂತ್ರದ ಮುಂದೆ ಹೋಗಿ ನಿಂತಿತು. ಯಂತ್ರ ನಾಚಿ, ಉಣ್ಣೆ ಕಳಚಿ, ಮೆತ್ತನೆಯ ಸ್ಪಂಜಿನ ಪ್ಯಾಡ್ ತೊಟ್ಟು ನಿಧಾನವಾಗಿ ತಿರುಗಿತು. ಗೀರುಗಳು ಹೋದವು.

"ಕನ್ನಡಿಯಂತೆ ಹೊಳೆಯುತ್ತಿದ್ದೀಯೆ" ಎಂದು ಟ್ಯೂಬ್‌ಲೈಟ್ ಮತ್ತೆ ಅದೇ ಮಾತು ಹೇಳಿತು.

ಕಾರು ಅದಕ್ಕೆ ಕಿವಿಗೊಡದೆ ಅಂಗಳಕ್ಕಿಳಿದು ಬಿಸಿಲಿಗೆ ಬಾನೆಟ್ ಒಡ್ಡಿತು. "ನಿನ್ನ ಉಪಕಾರ ಮರೆಯಲಾರೆ. ಇನ್ನೊಮ್ಮೆ ನೋಡಿ ಹೇಳು."